ಶಾಲೆಯ ಕಾರ್ಯಕ್ರಮ ಫಲ ಕೊಟ್ಟಿತಾ? ಅಳೆಯುವ ದಾರಿ ಆರಿಸುವ ಬಗೆ

ಒಂದು ತಾಲ್ಲೂಕಿನ ನಲವತ್ತು ಸರ್ಕಾರಿ ಶಾಲೆಗಳಲ್ಲಿ ಒಂದು ವರ್ಷ ಓದು ಕಲಿಸುವ ಕಾರ್ಯಕ್ರಮ ನಡೆಯಿತು ಅಂದುಕೊಳ್ಳಿ. ಶಿಕ್ಷಕರಿಗೆ ತರಬೇತಿ, ಮಕ್ಕಳಿಗೆ ಕಥೆ ಕಾರ್ಡು, ವಾರಕ್ಕೊಮ್ಮೆ ಸಂಸ್ಥೆಯವರ ಭೇಟಿ. ಜೂನ್‌ನಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ 30 ಮಂದಿ ಸಣ್ಣ ಕಥೆಯೊಂದನ್ನು ಓದುತ್ತಿದ್ದರು. ಮಾರ್ಚ್‌ನಲ್ಲಿ 55 ಮಂದಿ ಓದಿದರು. ವರದಿಯ ಮೊದಲ ಪುಟದಲ್ಲಿ ಈ ಎರಡು ಅಂಕಿ ದೊಡ್ಡದಾಗಿ ಅಚ್ಚಾಗುತ್ತವೆ. ದುಡ್ಡು ಕೊಟ್ಟ ಕಂಪನಿಗೂ ಸಂತೋಷ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಸಂತೋಷ.

ಆದರೆ ಈ 25ರಲ್ಲಿ ಕಾರ್ಯಕ್ರಮದ ಪಾಲು ಎಷ್ಟು? ಒಂಬತ್ತು ತಿಂಗಳು ಶಾಲೆಗೆ ಬಂದ ಮಗು ಹೇಗೂ ಒಂದಿಷ್ಟು ಕಲಿಯುತ್ತದೆ ಅಲ್ವಾ? ಪಕ್ಕದ ತಾಲ್ಲೂಕಿನಲ್ಲಿ ಇಂಥ ಯಾವ ಕಾರ್ಯಕ್ರಮವೂ ಇಲ್ಲದೆ 30 ಇದ್ದದ್ದು 50 ಆಗಿರಬಹುದು. ಆಗ ಕಾರ್ಯಕ್ರಮದ ಪಾಲು ಬರೀ ಐದು. ಅಲ್ಲಿ 58 ಆಗಿದ್ದರೆ, ನಮ್ಮ ಕಾರ್ಯಕ್ರಮ ಮಕ್ಕಳ ಸಮಯ ತಿಂದಿರಲೂಬಹುದು. ಮೊದಲು ಮತ್ತು ನಂತರ ಎಂಬ ಎರಡು ಅಂಕಿಗಳಿಂದ ಇದರಲ್ಲಿ ಯಾವುದು ನಿಜ ಅಂತ ಹೇಳಲು ಬರುವುದೇ ಇಲ್ಲ.

ಹಾಗಂತ ಪ್ರತಿ ಕಾರ್ಯಕ್ರಮಕ್ಕೂ ದೊಡ್ಡ ಪ್ರಯೋಗ ನಡೆಸಬೇಕಾಗಿಲ್ಲ. ಶಿಕ್ಷಣ ಕಾರ್ಯಕ್ರಮಗಳ ಮೌಲ್ಯಮಾಪನಕ್ಕೆ ಹತ್ತಾರು ವಿಧಾನಗಳಿವೆ. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ಹುಟ್ಟಿದ್ದು. ನಾವು ಎಡವುವುದು ಎಲ್ಲಿ ಅಂದರೆ, ಪ್ರಶ್ನೆ ಇನ್ನೂ ತೀರ್ಮಾನವಾಗಿರುವುದಿಲ್ಲ, ವಿಧಾನ ಆಗಲೇ ಆರಿಸಿ ಆಗಿರುತ್ತದೆ. "ಪೂರ್ವ ಪರೀಕ್ಷೆ, ನಂತರದ ಪರೀಕ್ಷೆ ಮಾಡಿಬಿಡೋಣ" ಅಂತಲೋ, "ಸಮೀಕ್ಷೆ ಮಾಡಿಸೋಣ" ಅಂತಲೋ ಮೊದಲ ಸಭೆಯಲ್ಲೇ ಮಾತು ಮುಗಿದಿರುತ್ತದೆ.

ಉತ್ತರ ಸಿಕ್ಕರೆ ಯಾರು ಏನು ಮಾಡುತ್ತಾರೆ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಫಲಿತಾಂಶ ಹೀಗೆ ಬಂದರೆ ಯಾರು ಯಾವ ತೀರ್ಮಾನ ತೆಗೆದುಕೊಳ್ಳುತ್ತಾರೆ? ಹಾಗೆ ಬಂದರೆ ಏನು ಬದಲಾಗುತ್ತದೆ? ಎರಡಕ್ಕೂ "ಏನೂ ಬದಲಾಗಲ್ಲ" ಅನ್ನುವುದೇ ಉತ್ತರವಾದರೆ, ಆ ದುಡ್ಡಿನಲ್ಲಿ ಮಕ್ಕಳಿಗೆ ಪುಸ್ತಕ ಕೊಡಿಸುವುದು ಮೇಲು. ಇದನ್ನು ನಾನು ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದೇನೆ. ಮೌಲ್ಯಮಾಪನಕ್ಕೆ ಮಕ್ಕಳ ಸಮಯ ಹೋಗುತ್ತದೆ, ಶಿಕ್ಷಕರ ಸಮಯ ಹೋಗುತ್ತದೆ. ಬಳಕೆಗೆ ಬರದ ವರದಿಗಾಗಿ ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ.

ತೀರ್ಮಾನಗಳು ಸಾಮಾನ್ಯವಾಗಿ ಎರಡು ಬಗೆ. ಒಂದು, ಕಾರ್ಯಕ್ರಮ ನಡೆಯುತ್ತಿರುವಾಗಲೇ ಅದನ್ನು ತಿದ್ದುವುದು. ಇನ್ನೊಂದು, ಮುಂದುವರಿಸಬೇಕೋ, ನಿಲ್ಲಿಸಬೇಕೋ, ಇಡೀ ಜಿಲ್ಲೆಗೆ ಹರಡಬೇಕೋ ಎಂದು ನಿರ್ಧರಿಸುವುದು. 1967ರಲ್ಲಿ ಮೌಲ್ಯಮಾಪನ ತಜ್ಞ ಮೈಕೆಲ್ ಸ್ಕ್ರಿವೆನ್ ಇವೆರಡನ್ನೂ ಬೇರೆ ಮಾಡಿ ಹೆಸರಿಟ್ಟರು. ನಮ್ಮ ಶಿಕ್ಷಕರಿಗೆ ಆ ಹೆಸರುಗಳು ಚೆನ್ನಾಗಿ ಗೊತ್ತು: ಮೊದಲನೆಯದು ರೂಪಣಾತ್ಮಕ (ಫಾರ್ಮೇಟಿವ್), ಎರಡನೆಯದು ಸಂಕಲನಾತ್ಮಕ (ಸಮ್ಮೇಟಿವ್). ಮಕ್ಕಳಿಗೆ ನಡೆಸುವ ಎಫ್‌ಎ, ಎಸ್‌ಎ ಪರೀಕ್ಷೆಗಳ ಹಿಂದಿರುವುದೂ ಇದೇ ವಿಚಾರ. ರಾಬರ್ಟ್ ಸ್ಟೇಕ್ ಹೇಳಿದ್ದು ಅಂತ ಒಂದು ಮಾತು ಈ ಕ್ಷೇತ್ರದಲ್ಲಿ ಓಡಾಡುತ್ತದೆ: ಅಡುಗೆ ಮಾಡುವವರು ಸಾರಿನ ರುಚಿ ನೋಡಿದರೆ ಅದು ರೂಪಣಾತ್ಮಕ, ಊಟಕ್ಕೆ ಬಂದವರು ರುಚಿ ನೋಡಿದರೆ ಅದು ಸಂಕಲನಾತ್ಮಕ.

ಕಾರ್ಯಕ್ರಮ ಶುರುವಾಗಿ ಇನ್ನೂ ಆರು ತಿಂಗಳು ಅನ್ನೋಣ. ಕಾರ್ಡುಗಳು ಎರಡು ಸಲ ಬದಲಾಗಿವೆ. ಅರ್ಧ ಶಾಲೆಗಳಲ್ಲಿ ಸಮಯವೇ ನಿಗದಿಯಾಗಿಲ್ಲ. ಇಂಥ ಹೊತ್ತಿನಲ್ಲಿ "ಪರಿಣಾಮ ಎಷ್ಟು" ಎಂದು ಅಳೆಯುವುದು ತಪ್ಪು ಪ್ರಶ್ನೆ. ಆಗ ಬೇಕಾದದ್ದು ತರಗತಿಯಲ್ಲಿ ಕೂತು ನೋಡುವುದು, ಶಿಕ್ಷಕರ ಜೊತೆ ಮಾತಾಡುವುದು, ಹತ್ತು ಮಕ್ಕಳ ಕೈಲಿ ಓದಿಸಿ ನೋಡುವುದು. ಮಂಕಾದ ಕಾರ್ಯಕ್ರಮವನ್ನು ಈ ಹಂತದಲ್ಲೇ ಸರಿಮಾಡಬಹುದು.

ಹೋಲಿಕೆಯೂ ದಾರಿ ತಪ್ಪಿಸುತ್ತದೆ

"ಸರಿ, ಕಾರ್ಯಕ್ರಮ ಇದ್ದ ಶಾಲೆ, ಇಲ್ಲದ ಶಾಲೆ, ಎರಡನ್ನೂ ಹೋಲಿಸೋಣ" ಅಂತ ಅನ್ನಿಸುವುದು ಸಹಜ. ಅಲ್ಲೂ ತೊಡಕಿದೆ. ಪಶ್ಚಿಮ ಕೀನ್ಯಾದ ಒಂದು ಉದಾಹರಣೆ ಇದನ್ನು ಬಹಳ ಚೆನ್ನಾಗಿ ತೋರಿಸುತ್ತದೆ.

ಅಲ್ಲಿನ ಶಾಲೆಗಳಲ್ಲಿ ಫ್ಲಿಪ್‌ಚಾರ್ಟ್‌ಗಳಿಂದ, ಅಂದರೆ ಗೋಡೆಗೆ ನೇತುಹಾಕಿ ಹಾಳೆ ಮಗುಚುತ್ತಾ ಪಾಠ ಮಾಡುವ ಚಿತ್ರಪಟಗಳಿಂದ, ಕಲಿಕೆ ಹೆಚ್ಚುತ್ತದಾ ಅಂತ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ನೋಡಿದರು. ಮೊದಲು, ಮುಂಚಿನಿಂದಲೇ ಚಾರ್ಟ್ ಇದ್ದ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಹೋಲಿಸಿದರು. ಲೆಕ್ಕಾಚಾರದಲ್ಲಿ ಬೇರೆ ಬೇರೆ ಅಂಶಗಳನ್ನು ಸರಿದೂಗಿಸಿದ ಮೇಲೂ, ಚಾರ್ಟ್ ಇದ್ದ ಶಾಲೆಗಳ ಅಂಕ ಗಣನೀಯವಾಗಿ ಜಾಸ್ತಿ ಕಂಡಿತು. ಆಮೇಲೆ 178 ಶಾಲೆಗಳನ್ನು ತೆಗೆದುಕೊಂಡು, ಯಾರ ಇಷ್ಟಕ್ಕೂ ಬಿಡದೆ ಆರಿಸಿ, ಅರ್ಧಕ್ಕೆ ಮಾತ್ರ ಚಾರ್ಟ್ ಕೊಟ್ಟು ನೋಡಿದರು. ಈ ಸಲ ವ್ಯತ್ಯಾಸ ಹೆಚ್ಚುಕಮ್ಮಿ ಸೊನ್ನೆ. ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು.

ಯಾಕೆ ಹೀಗೆ? ತಾವಾಗಿಯೇ ಚಾರ್ಟ್ ಹೊಂದಿಸಿಕೊಂಡ ಶಾಲೆಯಲ್ಲಿ ಬಹುಶಃ ಮುಖ್ಯೋಪಾಧ್ಯಾಯರು ಚುರುಕಾಗಿದ್ದರು, ಪೋಷಕರಿಗೆ ಆಸಕ್ತಿ ಇತ್ತು, ಊರಲ್ಲಿ ನಾಲ್ಕು ಕಾಸಿತ್ತು. ಅಂಕ ಹೆಚ್ಚಾಗಿದ್ದಕ್ಕೆ ಕಾರಣ ಅವು. ಕೀರ್ತಿ ಮಾತ್ರ ಚಾರ್ಟಿಗೆ ಹೋಯಿತು. ನಮ್ಮಲ್ಲೂ ಇದು ದಿನನಿತ್ಯದ ಮಾತು. ಯಾವ ಕಾರ್ಯಕ್ರಮ ಬಂದರೂ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಮೊದಲು ಸೂಚಿಸುವುದು "ಅಲ್ಲಿ ಮೇಷ್ಟ್ರು ಚೆನ್ನಾಗಿ ಮಾಡ್ತಾರೆ" ಅನ್ನುವ ಶಾಲೆಗಳನ್ನೇ. ಕೆಲಸ ಸಾಗಬೇಕಲ್ಲ, ಅವರು ಹಾಗೆ ಮಾಡುವುದು ಸರಿಯೇ. ಆದರೆ ಆ ಶಾಲೆಗಳನ್ನು ಉಳಿದ ಶಾಲೆಗಳ ಜೊತೆ ಹೋಲಿಸಿ "ನಮ್ಮ ಕಾರ್ಯಕ್ರಮದಿಂದ ಇಷ್ಟಾಯಿತು" ಅನ್ನುವಂತಿಲ್ಲ.

ಚೀಟಿ ಎತ್ತುವ ದಾರಿ

ಹಾಗಾಗಿ ಪರಿಣಾಮವನ್ನೇ ಅಳೆಯಬೇಕು ಅಂದಾಗ ಅತ್ಯಂತ ಗಟ್ಟಿಯಾದ ವಿಧಾನ ಚೀಟಿ ಎತ್ತುವುದು. ಯಾವ ಶಾಲೆಗೆ ಕಾರ್ಯಕ್ರಮ, ಯಾವುದಕ್ಕೆ ಇಲ್ಲ ಎಂಬುದನ್ನು ಯಾರ ಇಷ್ಟವೂ ನಿರ್ಧರಿಸಬಾರದು. ಶಾಲೆಗಳ ಸಂಖ್ಯೆ ಸಾಕಷ್ಟಿದ್ದರೆ ಚುರುಕಿನ ಮುಖ್ಯೋಪಾಧ್ಯಾಯರು, ಬಡ ಊರುಗಳು, ಖಾಲಿ ಹುದ್ದೆಗಳು ಎಲ್ಲವೂ ಎರಡೂ ಕಡೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. ಕೊನೆಗೆ ಉಳಿಯುವ ವ್ಯತ್ಯಾಸ ಕಾರ್ಯಕ್ರಮದ್ದು.

"ಅರ್ಧ ಮಕ್ಕಳಿಗೆ ಕೊಡದೆ ಇರುವುದು ಅನ್ಯಾಯ ಅಲ್ವಾ?" ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಬರಲೇಬೇಕು. ಇದಕ್ಕೆ ವಡೋದರಾದಲ್ಲಿ ಒಂದು ಸೊಗಸಾದ ಉತ್ತರ ಸಿಕ್ಕಿತ್ತು. ಶಿಕ್ಷಣ ಕ್ಷೇತ್ರದಲ್ಲಿ ಕೆಲಸ ಮಾಡುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಮುಂಬಯಿ ಮತ್ತು ವಡೋದರಾದ ನಗರಪಾಲಿಕೆ ಶಾಲೆಗಳಲ್ಲಿ "ಬಾಲಸಖಿ" ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ಬಾಲಸಖಿ ಅಂದರೆ ಅದೇ ಬಡಾವಣೆಯ, ಹೈಸ್ಕೂಲು ಓದಿದ ಯುವತಿ. ಸಂಬಳ ತಿಂಗಳಿಗೆ 500ರಿಂದ 750 ರೂಪಾಯಿ. ಮೂರು, ನಾಲ್ಕನೇ ತರಗತಿಯಲ್ಲಿ ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿಕೊಂಡು ಅಕ್ಷರ, ಲೆಕ್ಕದ ಮೂಲ ಪಾಠ ಮಾಡುತ್ತಿದ್ದಳು. ಅಧ್ಯಯನಕ್ಕಾಗಿ ವಡೋದರಾದ ಶಾಲೆಗಳನ್ನು ಎರಡು ಗುಂಪು ಮಾಡಿದರು. 2001-02ರಲ್ಲಿ ಒಂದು ಗುಂಪಿನ ಶಾಲೆಗಳಿಗೆ ಮೂರನೇ ತರಗತಿಗೆ ಬಾಲಸಖಿ, ಇನ್ನೊಂದು ಗುಂಪಿಗೆ ನಾಲ್ಕನೇ ತರಗತಿಗೆ. ಮರುವರ್ಷ ಅದಲುಬದಲು. ಯಾವ ಶಾಲೆಯೂ ಬರಿಗೈಲಿ ಉಳಿಯಲಿಲ್ಲ. ಆದರೂ ಪ್ರತಿ ತರಗತಿಗೂ ಹೋಲಿಸಲು ಇನ್ನೊಂದು ಗುಂಪಿನ ಅದೇ ತರಗತಿ ಸಿಕ್ಕಿತು.

ಫಲಿತಾಂಶವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಸರಾಸರಿ ಅಂಕ 0.28 ಪ್ರಮಾಣಿತ ವಿಚಲನೆಯಷ್ಟು ಏರಿತ್ತು. ಈ ಅಂಕಿಯನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು: ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಕೆಳಗಿನಿಂದ 50ನೇ ಜಾಗದಲ್ಲಿದ್ದ ಮಗು ಸುಮಾರು 61ನೇ ಜಾಗಕ್ಕೆ ಬಂದಂತೆ. ಲಾಭದ ಬಹುಪಾಲು ಸೇರಿದ್ದು ತೀರಾ ಹಿಂದುಳಿದಿದ್ದ ಮಕ್ಕಳಿಗೆ. ಇನ್ನೊಂದು ವಿಷಯವೂ ತಿಳಿಯಿತು. ಈ ಮಕ್ಕಳು ಹೊರಗೆ ಹೋದಾಗ ತರಗತಿಯಲ್ಲಿ ಸಂಖ್ಯೆ ಕಡಿಮೆಯಾಗುತ್ತಿತ್ತಲ್ಲ, ಅಲ್ಲೇ ಉಳಿದವರಿಗೆ ಅದರಿಂದ ಲಾಭವಾದ ಹಾಗೆ ಕಾಣಲಿಲ್ಲ. ಸಂಖ್ಯೆ ಇಳಿದ ಮಾತ್ರಕ್ಕೆ ಕಲಿಕೆ ಏರಲಿಲ್ಲ, ಮಗು ಇರುವ ಹಂತಕ್ಕೆ ಇಳಿದು ಪಾಠ ಮಾಡಿದ್ದು ಕೆಲಸ ಮಾಡಿತು. ಸುಮ್ನೆ "ಫಲ ಸಿಕ್ಕಿತು" ಅನ್ನುವುದಕ್ಕಿಂತ ಇದು ಎಷ್ಟೋ ಪಾಲು ಉಪಯುಕ್ತವಾದ ತಿಳಿವಳಿಕೆ.

ಚೀಟಿ ಎತ್ತುವ ವಿಧಾನಕ್ಕೆ ಮಿತಿಗಳಿವೆ. ಇದನ್ನು ಬಲ್ಲವರೂ ಮರೆಯುವ ಮಾತು ಒಂದಿದೆ: ಎಣಿಕೆಗೆ ಬರುವುದು ಮಕ್ಕಳಿಗಿಂತ ಹೆಚ್ಚಾಗಿ ಶಾಲೆಗಳು. ಎರಡು ದೊಡ್ಡ ಶಾಲೆಗಳಲ್ಲಿ ತಲಾ ಮುನ್ನೂರು ಮಕ್ಕಳಿದ್ದಾರೆ, ಒಂದಕ್ಕೆ ಕಾರ್ಯಕ್ರಮ ಕೊಟ್ಟು ಇನ್ನೊಂದಕ್ಕೆ ಬಿಟ್ಟಿದ್ದೀರಿ ಅನ್ನೋಣ. ಆರುನೂರು ಮಕ್ಕಳ ಅಧ್ಯಯನ ಅಂತ ಕಾಣುತ್ತದೆ. ನಿಜವಾಗಿ ಅದು ಎರಡು ಶಾಲೆಗಳ ಹೋಲಿಕೆ ಅಷ್ಟೇ. ಒಂದು ಶಾಲೆಯಲ್ಲಿ ವರ್ಷದ ಮಧ್ಯೆ ಒಬ್ಬ ಒಳ್ಳೆಯ ಶಿಕ್ಷಕಿಗೆ ವರ್ಗಾವಣೆ ಆದರೆ ಮುನ್ನೂರೂ ಮಕ್ಕಳ ಅಂಕ ಒಟ್ಟಿಗೆ ಇಳಿಯುತ್ತದೆ. ಹತ್ತು ಹನ್ನೆರಡು ಶಾಲೆಗಳಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಗೆ ಈ ವಿಧಾನ ಹೊಂದುವುದಿಲ್ಲ. ಪರಿಣಾಮ ತುಂಬಾ ದೊಡ್ಡದಿದ್ದರೆ ಮಾತ್ರ ಕಂಡೀತು. ಕಾಣದಿದ್ದರೆ "ಫಲವಿಲ್ಲ" ಎಂದು ತಪ್ಪಾಗಿ ತಿಳಿದು ಒಳ್ಳೆಯ ಕೆಲಸವನ್ನೇ ನಿಲ್ಲಿಸಿಬಿಡುವ ಅಪಾಯವಿದೆ.

ಚೀಟಿ ಎತ್ತಲು ಆಗದ ಕಡೆ ಬೇರೆ ದಾರಿಗಳಿವೆ. ಎರಡು ತಾಲ್ಲೂಕುಗಳ ಏರಿಕೆಯನ್ನು ಹೋಲಿಸಬಹುದು. ನಮ್ಮಲ್ಲಿ 30ರಿಂದ 55, ಅಲ್ಲಿ 34ರಿಂದ 50 ಅಂದರೆ ನಮ್ಮ ಏರಿಕೆ 25, ಅವರದು 16, ವ್ಯತ್ಯಾಸ 9. ಇದನ್ನು ನಂಬಬೇಕಾದರೆ, ಕಾರ್ಯಕ್ರಮ ಬರುವ ಮೊದಲಿನ ಕೆಲವು ವರ್ಷಗಳಲ್ಲೂ ಎರಡೂ ಕಡೆ ಏರಿಕೆ ಒಂದೇ ಬಗೆಯಲ್ಲಿತ್ತು ಎಂದು ತೋರಿಸಬೇಕು. ಇನ್ನು ಇಷ್ಟು ಅಂಕ ಬಂದರೆ ಒಳಗೆ, ಇಲ್ಲದಿದ್ದರೆ ಹೊರಗೆ ಎಂದು ಒಂದು ಗೆರೆ ಎಳೆದು ಆಯ್ಕೆ ಮಾಡುವ ಕಾರ್ಯಕ್ರಮಗಳಿಗೆ ಆ ಗೆರೆಯೇ ನೆರವಾಗುತ್ತದೆ. ಬಡ ಕುಟುಂಬದ ಪ್ರತಿಭಾವಂತ ಮಕ್ಕಳಿಗಾಗಿ ನಡೆಯುವ ಎಂಟನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ನೋಡಿ. ಆಯ್ಕೆಯಾದವರಿಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಕಟ್‌ಆಫ್‌ಗಿಂತ ಒಂದೆರಡು ಅಂಕ ಮೇಲಿದ್ದವರಿಗೂ ಒಂದೆರಡು ಅಂಕ ಕೆಳಗಿದ್ದವರಿಗೂ ಪ್ರತಿಭೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಆ ಎರಡು ಗುಂಪುಗಳಲ್ಲಿ ಯಾರು ಪಿಯುಸಿವರೆಗೆ ಓದು ಮುಂದುವರಿಸಿದರು ಎಂದು ನೋಡಿದರೆ ವಿದ್ಯಾರ್ಥಿವೇತನದ ನಿಜವಾದ ಪಾಲು ಗೊತ್ತಾಗುತ್ತದೆ.

ಸರಪಳಿಯ ಯಾವ ಕೊಂಡಿ ಕಳಚಿತು?

ಪರಿಣಾಮದ ಅಂಕಿ ಸಿಕ್ಕ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ಫಲ ಯಾಕೆ ಸಿಕ್ಕಿತು, ಯಾಕೆ ಸಿಗಲಿಲ್ಲ?

ಪ್ರತಿ ಕಾರ್ಯಕ್ರಮದ ಹಿಂದೆ ಹೇಳದೆ ಬಿಟ್ಟ ಒಂದು ನಂಬಿಕೆಯ ಸರಪಳಿ ಇರುತ್ತದೆ. ಶಿಕ್ಷಕರು ತರಬೇತಿಗೆ ಬರುತ್ತಾರೆ, ಹೊಸ ಬಗೆ ಕಲಿಯುತ್ತಾರೆ, ತರಗತಿಗೆ ಹೋಗಿ ಅದನ್ನು ಬಳಸುತ್ತಾರೆ, ಮಕ್ಕಳು ಆ ದಿನ ಶಾಲೆಗೆ ಬಂದಿರುತ್ತಾರೆ, ಅವರಿಗೆ ಅದು ಅರ್ಥವಾಗುತ್ತದೆ, ಓದು ಸುಧಾರಿಸುತ್ತದೆ. ಈ ಸರಪಳಿಯನ್ನು ಕಾಗದದ ಮೇಲೆ ಬರೆದು, ಪ್ರತಿ ಕೊಂಡಿಯಲ್ಲಿ ಏನನ್ನು ನೋಡಿದರೆ ಅದು ನಡೆದಿದೆ ಎಂದು ಗೊತ್ತಾಗುತ್ತದೆ ಅಂತ ಮೊದಲೇ ನಿರ್ಧರಿಸುವುದು ಒಂದು ವಿಧಾನ. ಅಮೆರಿಕದ ಕ್ಯಾರಲ್ ವೈಸ್ ಇದನ್ನು ಬಲವಾಗಿ ಪ್ರತಿಪಾದಿಸಿದವರು. ನನ್ನ ಮಟ್ಟಿಗೆ, ಒಂದೇ ವಿಧಾನ ಆರಿಸಿಕೋ ಅಂದರೆ ಇದನ್ನೇ ಆರಿಸಿಕೊಳ್ಳುತ್ತೇನೆ. ಖರ್ಚು ಕಡಿಮೆ, ಕಾರ್ಯಕ್ರಮ ನಡೆಸುವವರಿಗೆ ನೇರ ಉಪಯೋಗ.

ಇದು ಎಷ್ಟು ಮುಖ್ಯ ಎಂಬುದನ್ನು ಬಾಲಸಖಿಯ ಮುಂದಿನ ಕಥೆಯೇ ಹೇಳುತ್ತದೆ. ಮಗುವಿನ ಹಂತಕ್ಕೆ ತಕ್ಕ ಪಾಠ ಎಂಬ ಅದೇ ವಿಚಾರವನ್ನು ಪ್ರಥಮ್ ಆಮೇಲೆ ಸರ್ಕಾರಿ ಶಿಕ್ಷಕರ ಮೂಲಕ ನಡೆಸಲು ಹೊರಟಿತು. ಬಿಹಾರದಲ್ಲಿ ಬೇಸಿಗೆ ರಜೆಯ ಶಿಬಿರಗಳಲ್ಲಿ ಸರ್ಕಾರಿ ಶಿಕ್ಷಕರೇ ಪಾಠ ಮಾಡಿದಾಗ ಮಕ್ಕಳ ಓದು ಸುಧಾರಿಸಿತು. ಆದರೆ ಶಾಲೆ ನಡೆಯುವ ದಿನಗಳಲ್ಲಿ ಶಿಕ್ಷಕರಿಗೆ ತರಬೇತಿ ಮತ್ತು ಸಾಮಗ್ರಿ ಮಾತ್ರ ಕೊಟ್ಟಾಗ ಗುರುತಿಸುವಂಥ ಫಲ ಕಾಣಲಿಲ್ಲ. ಉತ್ತರಾಖಂಡದಲ್ಲಿ ಸ್ವಯಂಸೇವಕರನ್ನು ಕೊಟ್ಟರೂ ಆಗಲಿಲ್ಲ. ಶಾಲೆಗಳು ಅವರನ್ನು ಮಾಮೂಲಿ ಪಾಠಕ್ಕೇ ಹಚ್ಚಿದ್ದವು.

ಬರೀ ಅಂಕಿ ನೋಡಿದ್ದರೆ "ಸರ್ಕಾರಿ ಶಾಲೆಯಲ್ಲಿ ಇದು ನಡೆಯಲ್ಲ" ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದೇ ಶಿಕ್ಷಕವರ್ಗ ಬೇಸಿಗೆಯಲ್ಲಿ ಕಲಿಸಿ ತೋರಿಸಿತ್ತಲ್ಲ. ತರಗತಿಗೆ ಹೋಗಿ ನೋಡಿದಾಗ ತಿಳಿದದ್ದು, ಪಠ್ಯಪುಸ್ತಕ ಮುಗಿಸುವ ಒತ್ತಡದಲ್ಲಿ ಈ ಪಾಠಕ್ಕೆ ಜಾಗವೇ ಇರಲಿಲ್ಲ. ಕಳಚಿದ ಕೊಂಡಿ ಸಮಯದ್ದು. 2012-13ರಲ್ಲಿ ಹರಿಯಾಣದಲ್ಲಿ ದಿನಕ್ಕೊಂದು ಗಂಟೆಯನ್ನು ಇದಕ್ಕೇ ಮೀಸಲಿಟ್ಟರು. ಆ ಹೊತ್ತಿನಲ್ಲಿ ಮಕ್ಕಳನ್ನು ತರಗತಿ ಬಿಟ್ಟು ಓದಿನ ಹಂತದ ಪ್ರಕಾರ ಕೂರಿಸಿದರು. ಮೇಲ್ವಿಚಾರಕರಿಗೂ ತರಬೇತಿ ಕೊಟ್ಟು ಶಾಲೆಗೆ ಕಳಿಸಿದರು. ಹಿಂದಿ ಓದು ಸುಧಾರಿಸಿತು. ಹೊರಗಿಂದ ಪರಿಣಾಮ ಅಳೆಯುವುದು ಮತ್ತು ಒಳಗೆ ಕೂತು ಪ್ರಕ್ರಿಯೆ ನೋಡುವುದು ಕೈಕೈ ಹಿಡಿದು ನಡೆದಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು.

ಗುರಿ ಮುಟ್ಟಿದೆಯಾ ಅಂತ ಮಾತ್ರ ಕೇಳಿದರೆ

ಹಳೆಯ ಮತ್ತು ಇವತ್ತಿಗೂ ಜಾಸ್ತಿ ಬಳಕೆಯಲ್ಲಿರುವ ವಿಧಾನ ಗುರಿಗಳನ್ನು ಹಿಡಿದು ಅಳೆಯುವುದು. 1930ರ ದಶಕದಲ್ಲಿ ಅಮೆರಿಕದ ರಾಲ್ಫ್ ಟೈಲರ್ ಇದಕ್ಕೆ ಅಡಿಪಾಯ ಹಾಕಿದರು. ಕಾರ್ಯಕ್ರಮದ ಉದ್ದೇಶಗಳನ್ನು ಅಳೆಯಲು ಬರುವ ಹಾಗೆ ಬರೆಯಿರಿ, ಕೊನೆಯಲ್ಲಿ ಮಕ್ಕಳು ಅಲ್ಲಿಗೆ ತಲುಪಿದರಾ ನೋಡಿ. ಸರಳ, ಸ್ಪಷ್ಟ. ಆದರೆ ಗುರಿಯೇ ತಪ್ಪಾಗಿದ್ದರೆ? ಗುರಿ ಮುಟ್ಟುವ ಭರದಲ್ಲಿ ಬೇರೇನೋ ಹಾಳಾದರೆ?

ಓದಿನ ಕಾರ್ಯಕ್ರಮಕ್ಕೆ ದಿನಾ ಒಂದು ಗಂಟೆ ಬೇಕಾಯಿತು. ಆ ಗಂಟೆ ಎಲ್ಲಿಂದ ಬಂತು? ಗಣಿತದ ಅವಧಿಯಿಂದಲೋ, ಆಟದ ಅವಧಿಯಿಂದಲೋ? ಓದಿನ ಅಂಕ ಮಾತ್ರ ನೋಡುವವರಿಗೆ ಇದು ಕಾಣುವುದಿಲ್ಲ. ಈ ಕಾರಣಕ್ಕೇ ಸ್ಕ್ರಿವೆನ್ 1970ರ ದಶಕದ ಆರಂಭದಲ್ಲಿ ಒಂದು ವಿಚಿತ್ರ ಅನ್ನಿಸುವ ಸಲಹೆ ಕೊಟ್ಟರು: ಮೌಲ್ಯಮಾಪಕರಿಗೆ ಕಾರ್ಯಕ್ರಮದ ಗುರಿ ಏನು ಅಂತ ಹೇಳಲೇಬೇಡಿ. ಅವರು ಹೋಗಿ, ಅಲ್ಲಿ ನಿಜವಾಗಿ ಏನೇನು ಬದಲಾಗಿದೆ ಎಂದು ನೋಡಿ ಬರಲಿ. ಪೂರ್ತಿ ಹೀಗೇ ನಡೆಸುವುದು ಕಷ್ಟ. ಆದರೆ ತಂಡದಲ್ಲಿ ಒಬ್ಬರನ್ನಾದರೂ ಹೀಗೆ ಕಳಿಸುವುದು ಒಳ್ಳೆಯದು.

ಡೇನಿಯಲ್ ಸ್ಟಫಲ್‌ಬೀಮ್ 1960ರ ದಶಕದಲ್ಲಿ ರೂಪಿಸಿದ ಸಿಐಪಿಪಿ ಎಂಬ ಚೌಕಟ್ಟು ಇನ್ನೂ ವಿಶಾಲವಾದದ್ದು. ಸಂದರ್ಭ, ಹೂಡಿಕೆ, ಪ್ರಕ್ರಿಯೆ, ಫಲ ಎಂದು ನಾಲ್ಕು ಕಡೆಯಿಂದ ನೋಡುತ್ತದೆ. ನಮ್ಮ ನಲಿ-ಕಲಿಗೆ ಇದನ್ನು ಹಚ್ಚಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಲಿಕಾ ಏಣಿ, ಅಂದರೆ ಕಲಿಕೆಯ ಮೆಟ್ಟಿಲುಗಳ ಪಟ, ನೋಡಿಕೊಂಡು, ತಮ್ಮ ಕಾರ್ಡು ತಾವೇ ಎತ್ತಿಕೊಂಡು, ತಮ್ಮದೇ ವೇಗದಲ್ಲಿ ಮೈಲಿಗಲ್ಲು ದಾಟುತ್ತಾರೆ.

ಈ ಪದ್ಧತಿಗೆ ವರ್ಷದ ಕೊನೆಗೆ ಎಲ್ಲರಿಗೂ ಒಂದೇ ಲಿಖಿತ ಪರೀಕ್ಷೆ ಕೊಟ್ಟು ಸರಾಸರಿ ತೆಗೆದರೆ ಅರ್ಧ ಚಿತ್ರವೂ ಸಿಗುವುದಿಲ್ಲ. ಸಂದರ್ಭದ ಪ್ರಶ್ನೆ: ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಗೆ ಹುಟ್ಟಿದ ಈ ಕ್ರಮ, ಒಂದೊಂದು ತರಗತಿಯಲ್ಲೇ ನಲವತ್ತು ಮಕ್ಕಳಿರುವ ಪಟ್ಟಣದ ಶಾಲೆಗೂ ಹೊಂದುತ್ತದಾ? ಹೂಡಿಕೆಯ ಪ್ರಶ್ನೆ: ಹರಿದುಹೋದ ಕಾರ್ಡುಗಳ ಬದಲು ಹೊಸ ಸೆಟ್ ಜೂನ್‌ನಲ್ಲೇ ಬಂತಾ? ಪ್ರಕ್ರಿಯೆಯ ಪ್ರಶ್ನೆ: ಮಗು ನಿಜವಾಗಿ ತನ್ನ ಏಣಿಯ ಪ್ರಕಾರ ಹೋಗುತ್ತಿದೆಯಾ, ಇಲ್ಲ ಇಡೀ ತರಗತಿ ಒಂದೇ ಕಾರ್ಡನ್ನು ಒಟ್ಟಿಗೆ ಹೇಳುತ್ತಿದೆಯಾ? ಗೋಡೆಯ ಮೇಲಿನ ಪ್ರಗತಿ ನೋಟ ಪ್ರತಿದಿನ ತುಂಬಿದ್ದಾ, ತಪಾಸಣೆಯ ಹಿಂದಿನ ದಿನ ತುಂಬಿದ್ದಾ? ಇಷ್ಟೆಲ್ಲ ತಿಳಿದ ಮೇಲೆ ಫಲದ ಅಂಕಿಗೆ ಒಂದು ಅರ್ಥ ಬರುತ್ತದೆ. ನೂರು ಶಾಲೆಗಳಲ್ಲಿ ನಲಿ-ಕಲಿ "ಇದೆ" ಅನ್ನುವ ಮಾತಿಗೂ, ನೂರು ಶಾಲೆಗಳಲ್ಲಿ ಅದು "ನಡೆಯುತ್ತಿದೆ" ಅನ್ನುವ ಮಾತಿಗೂ ತುಂಬಾ ದೂರ.

ಶಿಕ್ಷಕರ ತರಬೇತಿಗೆ ಮಾತ್ರ ಸಂಬಂಧಿಸಿದ್ದಾದರೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಕೊಟ್ಟ ನಾಲ್ಕು ಮೆಟ್ಟಿಲು ಸಾಕಾಗುತ್ತದೆ: ಬಂದವರಿಗೆ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಫಲ ಬಂತಾ. ನಮ್ಮ ಬಹುತೇಕ ತರಬೇತಿಗಳ ಅಳತೆ ಮೊದಲ ಮೆಟ್ಟಿಲಲ್ಲೇ, ಕೊನೆಯ ದಿನ ತುಂಬಿಸಿಕೊಳ್ಳುವ ಹಿಮ್ಮಾಹಿತಿ ನಮೂನೆಯಲ್ಲೇ ನಿಂತುಬಿಡುತ್ತದೆ. ಎರಡು ತಿಂಗಳ ನಂತರ ಹತ್ತು ತರಗತಿಗಳಿಗೆ ಹೋಗಿ ಮೂರನೇ ಮೆಟ್ಟಿಲು ನೋಡುವುದು ಅಷ್ಟೇನೂ ಕಷ್ಟವಲ್ಲ.

ಏನನ್ನು, ಯಾವುದರಿಂದ ಅಳೆಯುತ್ತೀರಿ?

ವಿಧಾನ ಎಷ್ಟೇ ಗಟ್ಟಿಯಾಗಿರಲಿ, ಅಳೆಯುವ ಸಾಧನ ಸರಿ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಮೂರನೇ ತರಗತಿಯ ಮಗುವಿಗೆ ಮೂರನೇ ತರಗತಿಯ ಲಿಖಿತ ಪ್ರಶ್ನೆಪತ್ರಿಕೆ ಕೊಡುತ್ತೇವೆ. ಅದಕ್ಕೆ ಅಕ್ಷರವೇ ಬರದು. ಸೊನ್ನೆ ಬರುತ್ತದೆ. ವರ್ಷವಿಡೀ ಕಲಿತು ಈಗ ಪದ ಓದುತ್ತದೆ, ಆದರೂ ಪತ್ರಿಕೆಯಲ್ಲಿ ಮತ್ತೆ ಸೊನ್ನೆ. ಆ ಮಗುವಿನ ಪಾಲಿಗೆ ದೊಡ್ಡ ಹೆಜ್ಜೆ, ನಮ್ಮ ಅಳತೆಗೆ ಏನೂ ಇಲ್ಲ.

ಹಳ್ಳಿ ಮಕ್ಕಳ ಕಲಿಕೆ ನೋಡಲು 2005ರಲ್ಲಿ ಶುರುವಾದ 'ಅಸರ್' ಸಮೀಕ್ಷೆಯ ಓದಿನ ಸಾಧನ ಈ ತೊಂದರೆಯನ್ನು ಸುಲಭವಾಗಿ ದಾಟಿದೆ. ಒಂದೇ ಹಾಳೆ. ಅದರಲ್ಲಿ ಅಕ್ಷರಗಳು, ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಕಥೆ. ಸ್ವಯಂಸೇವಕರು ಹಳ್ಳಿಯ ಮನೆಗೇ ಹೋಗಿ ಮಗುವಿನ ಪಕ್ಕ ಕೂತು ಮೊದಲು ಆ ನಾಲ್ಕು ಸಾಲು ಓದಲು ಹೇಳುತ್ತಾರೆ. ಸರಾಗವಾಗಿ ಓದಿದರೆ ಕಥೆ. ತಡವರಿಸಿದರೆ ಪದಗಳು. ಐದು ಪದದಲ್ಲಿ ನಾಲ್ಕಾದರೂ ಸರಿ ಇರಬೇಕು. ಅದೂ ಆಗದಿದ್ದರೆ ಅಕ್ಷರ. ಕೆಲವೇ ನಿಮಿಷದಲ್ಲಿ ಮಗು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಪಕ್ಕದಲ್ಲಿ ನಿಂತ ತಾಯಿಗೂ ಗೊತ್ತಾಗುತ್ತದೆ. ಸಣ್ಣ ಸಂಸ್ಥೆಗಳಿಗೂ ಇಂಥ ಬಾಯಿಮಾತಿನ ಸಾಧನ ಕೈಗೆಟಕುತ್ತದೆ.

ಯಾರು ಅಳೆಯುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಫಲಿತಾಂಶದಿಂದ ತಮಗೆ ನೋಟಿಸ್ ಬರಬಹುದು ಎಂಬ ಭಯವಿರುವ ಶಿಕ್ಷಕರ ಕೈಗೇ ಅಳತೆ ಕೊಟ್ಟರೆ ಅಂಕಿ ಏರುತ್ತದೆ, ಕಲಿಕೆ ಏರುವುದಿಲ್ಲ. ಇದರಲ್ಲಿ ಶಿಕ್ಷಕರನ್ನು ದೂರಬೇಕಾಗಿಲ್ಲ. ಅಳತೆಯನ್ನು ಶಿಕ್ಷೆಗೆ ಜೋಡಿಸಿದ ವ್ಯವಸ್ಥೆಯದು ತಪ್ಪು.

ಯಾವಾಗ ಅಳೆಯುವುದು ಎಂಬ ಪ್ರಶ್ನೆಗೂ ಸುಲಭದ ಉತ್ತರವಿಲ್ಲ. ಬಾಲಸಖಿಯ ಲಾಭ ಕಾರ್ಯಕ್ರಮ ಮುಗಿದ ಒಂದು ವರ್ಷಕ್ಕೆ ಸುಮಾರು 0.10 ಪ್ರಮಾಣಿತ ವಿಚಲನೆಗೆ ಇಳಿದಿತ್ತು. ಅಮೆರಿಕದ ಮಿಶಿಗನ್‌ನಲ್ಲಿ 1962ರಲ್ಲಿ ಶುರುವಾದ ಪೆರಿ ಶಿಶುವಿಹಾರದ ಕಥೆ ಇನ್ನೊಂದು ತರಹ. ಬಡ ಕಪ್ಪು ಕುಟುಂಬಗಳ 123 ಮಕ್ಕಳು, ಅವರಲ್ಲಿ 58 ಮಂದಿಗೆ ಶಿಶುವಿಹಾರ. ಬುದ್ಧಿಮತ್ತೆ ಪರೀಕ್ಷೆಯಲ್ಲಿ ಕಂಡ ಮುನ್ನಡೆ ಕೆಲವೇ ವರ್ಷದಲ್ಲಿ ಕರಗಿತು. ಅಲ್ಲಿಗೇ ಅಳತೆ ನಿಲ್ಲಿಸಿದ್ದರೆ ವಿಫಲ ಎಂದು ಬರೆದಾಗುತ್ತಿತ್ತು. ಅವರನ್ನು 40 ವರ್ಷ ವಯಸ್ಸಿನವರೆಗೂ ಹಿಂಬಾಲಿಸಿದಾಗ, ಶಿಶುವಿಹಾರಕ್ಕೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು, ಕೆಲಸದಲ್ಲಿದ್ದವರು ಜಾಸ್ತಿ, ಪೊಲೀಸರ ಕೈಗೆ ಸಿಕ್ಕವರು ಕಡಿಮೆ ಎಂದು ಕಂಡಿತು. ಎಲ್ಲ ಕಾರ್ಯಕ್ರಮಕ್ಕೂ ನಲವತ್ತು ವರ್ಷ ಕಾಯಲಾಗದು. ಆದರೆ ಮಕ್ಕಳ ಹೆಸರು, ಊರು, ಪೋಷಕರ ಒಪ್ಪಿಗೆ ಜೋಪಾನವಾಗಿಟ್ಟುಕೊಂಡರೆ ಮೂರು ವರ್ಷದ ಮೇಲೆ ಮತ್ತೊಮ್ಮೆ ನೋಡುವ ಬಾಗಿಲು ತೆರೆದಿರುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಹನ್ನೆರಡು ಶಾಲೆಗಳಲ್ಲಿ ಕೆಲಸ ಮಾಡುವ ಸಂಸ್ಥೆಗೆ ನಾನು ಹೇಳುವುದಿಷ್ಟು. ಪರಿಣಾಮ ಸಾಬೀತು ಮಾಡುವ ಹೊರೆ ನಿಮಗೆ ಬೇಡ. ಸರಪಳಿ ಬರೆಯಿರಿ, ಪ್ರತಿ ಕೊಂಡಿ ಗಮನಿಸಿ, ಮಕ್ಕಳ ಓದನ್ನು ವರ್ಷಕ್ಕೆ ಮೂರು ಸಲ ನೋಡಿ. ಹಿಂದೆ ಬಿದ್ದ ಮಕ್ಕಳು ಯಾರು, ಯಾಕೆ ಎಂದು ಹೆಸರು ಹಿಡಿದು ಕೇಳಿ. ಶಾಲೆಗೆ ಬರದ ಮಗುವಿನ ಮನೆಗೆ ಹೋಗಿ ಬನ್ನಿ. ದುಡ್ಡು ಕೊಟ್ಟವರು ಸಾಬೀತು ಕೇಳಿದರೆ, ಹನ್ನೆರಡು ಶಾಲೆಯಿಂದ ಅದು ಆಗದು ಎಂದು ನೇರವಾಗಿ ಹೇಳಿ.

ಕಂಪನಿಯೊಂದರ ಸಿಎಸ್‌ಆರ್ ಹಣದಿಂದ ಇನ್ನೂರು ಶಾಲೆಗೆ ಹೋಗುವ ಯೋಜನೆ ಇದೆ, ಆದರೆ ಮೊದಲ ವರ್ಷ ನೂರಕ್ಕೆ ಮಾತ್ರ ಸಿಬ್ಬಂದಿ ಇದ್ದಾರೆ. ಇದು ಚೀಟಿ ಎತ್ತಲು ಹೇಳಿ ಮಾಡಿಸಿದ ಅವಕಾಶ. ಯಾರು ಮೊದಲು, ಯಾರು ಮರುವರ್ಷ ಎಂಬುದನ್ನು ಶಾಲಾಭಿವೃದ್ಧಿ ಸಮಿತಿಯವರ, ಅಂದರೆ ಎಸ್‌ಡಿಎಂಸಿಯವರ ಎದುರೇ ಚೀಟಿ ಎತ್ತಿ ನಿರ್ಧರಿಸಿ. ಶಿಫಾರಸಿನ ತಲೆನೋವೂ ತಪ್ಪುತ್ತದೆ. ಇಂಥ ಅವಕಾಶಗಳು ನಮ್ಮ ಕಣ್ಣೆದುರೇ ಕೈತಪ್ಪಿ ಹೋಗುತ್ತಿವೆ ಎಂಬುದು ನನಗೆ ನಿಜಕ್ಕೂ ಬೇಸರದ ವಿಷಯ.

ಇಡೀ ರಾಜ್ಯಕ್ಕೆ ಒಟ್ಟಿಗೆ ಬಂದ ಕಾರ್ಯಕ್ರಮಗಳದು ಬೇರೆ ಕಷ್ಟ. ಕೋವಿಡ್ ನಂತರ 2022-23ರಲ್ಲಿ ನಡೆದ ಕಲಿಕಾ ಚೇತರಿಕೆಯನ್ನೇ ತೆಗೆದುಕೊಳ್ಳಿ. ಕಲಿಕಾ ಹಾಳೆಗಳು ರಾಜ್ಯದ ಉದ್ದಗಲಕ್ಕೂ ಹೋದವು. ಮಕ್ಕಳು ಎರಡು ವರ್ಷ ಕಳೆದುಕೊಂಡಿದ್ದ ಆ ಹೊತ್ತಿನಲ್ಲಿ ಕೆಲವರಿಗೆ ಕೊಟ್ಟು ಕೆಲವರಿಗೆ ಬಿಡುವುದು ಸಾಧ್ಯವೂ ಇರಲಿಲ್ಲ, ಸರಿಯೂ ಆಗುತ್ತಿರಲಿಲ್ಲ. ಹೋಲಿಸಲು ಹೊರಗೆ ಉಳಿದ ಶಾಲೆಯೇ ಇಲ್ಲದಾಗ ಪರಿಣಾಮದ ಅಂಕಿಗಾಗಿ ಹಟ ಹಿಡಿಯಬಾರದು. ಅಲ್ಲಿ ಬೇಕಾದದ್ದು ಪ್ರಕ್ರಿಯೆಯ ನೋಟ. ಹಾಳೆಗಳು ಯಾವ ತಿಂಗಳು ತಲುಪಿದವು, ಯಾವ ಬಗೆಯ ಶಾಲೆಗಳಲ್ಲಿ ಚೆನ್ನಾಗಿ ಬಳಕೆಯಾದವು, ಎಲ್ಲಿ ಬರೀ ತುಂಬಿಸಿ ಇಟ್ಟರು. ಮುಂದಿನ ಸಲಕ್ಕೆ ಉಪಯೋಗಕ್ಕೆ ಬರುವ ಮಾಹಿತಿ ಅದು.

ಕೊನೆಗೆ ದಿನಾಂಕದ ವಿಚಾರ. ಮಾರ್ಚ್‌ನಲ್ಲಿ ಅಳತೆ ಮುಗಿದು, ವಿಶ್ಲೇಷಣೆಯಾಗಿ, ಚಂದದ ವರದಿ ಆಗಸ್ಟ್‌ನಲ್ಲಿ ಕೈಸೇರಿದರೆ, ಆ ಹೊತ್ತಿಗೆ ಹೊಸ ವರ್ಷದ ಯೋಜನೆ, ತರಬೇತಿ, ಮುದ್ರಣ ಎಲ್ಲ ಮುಗಿದಿರುತ್ತದೆ. ತೀರ್ಮಾನ ಏಪ್ರಿಲ್‌ನಲ್ಲಿ ಆಗುವುದಾದರೆ ಏಪ್ರಿಲ್‌ಗೆ ಎಷ್ಟು ಉತ್ತರ ಸಿಗಬಹುದೋ ಅಷ್ಟನ್ನೇ ಕೊಡುವ ವಿಧಾನ ಆರಿಸಿ. ಹತ್ತು ಪುಟದ ಟಿಪ್ಪಣಿ ಸಾಕು. ಅದನ್ನು ಬೆಂಗಳೂರಿನ ಕಚೇರಿಗೆ ಕಳಿಸುವ ಮೊದಲು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಆ ಶಾಲೆಗಳ ಶಿಕ್ಷಕರ ಮುಂದಿಡಿ. ಅಂಕಿಗಳಲ್ಲಿ ಎಲ್ಲಿ ಲೋಪವಿದೆ, ಯಾವ ಶಾಲೆಯಲ್ಲಿ ಯಾವ ತಿಂಗಳು ಏನಾಯಿತು ಅಂತ ಅವರು ಅಲ್ಲೇ ಹೇಳುತ್ತಾರೆ. ಅವರು ಹೇಳಿದ್ದನ್ನೂ ಟಿಪ್ಪಣಿಯಲ್ಲಿ ಸೇರಿಸಿ, ಆಮೇಲೆ ಕಳಿಸಿ.